ಜಾಲತಾಣಕ್ಕೆ ಬರುವ ಜ್ವರ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳ ಕನ್ನಡ ಸಂಘಗಳ ವ್ಯವಹಾರವೆಲ್ಲವೂ ಒಂದು ಕಾಲಕ್ಕೆ ರಸೀದಿ ಪುಸ್ತಕ, ಸೂಚನಾ ಫಲಕ ಮತ್ತು ಕಾರ್ಯದರ್ಶಿಗಳ ಮನೆಯ ದೂರವಾಣಿ, ಈ ಮೂರನ್ನೇ ಅವಲಂಬಿಸಿತ್ತು. ಇಂದು ಅನೇಕ ಸಂಘಗಳು ಆ ಮೂರರ ಭಾರವನ್ನೂ ತಮ್ಮ ಜಾಲತಾಣದ ಮೇಲೆ ಹೊರಿಸಿವೆ. ನಾಟಕದ ಟಿಕೆಟ್ಟು, ವಿದ್ಯಾರ್ಥಿವೇತನದ ಅರ್ಜಿ, ವೈದ್ಯಕೀಯ ಶಿಬಿರದ ನೋಂದಣಿ, ವಾರ್ಷಿಕ ಚಂದಾ, ತುರ್ತು ಸಮಯಕ್ಕೆ ಬೇಕಾಗುವ ರಕ್ತದಾನಿಗಳ ಪಟ್ಟಿ, ಎಲ್ಲವೂ ಅಲ್ಲಿಯೇ. ಇಷ್ಟು ಹೊತ್ತಿರುವ ಜಾಲತಾಣವು ಸಾಮಾನ್ಯವಾಗಿ ತಿಂಗಳ ಬಾಡಿಗೆಗೆ ಪಡೆದ ಒಂದು ಸಣ್ಣ ಯಂತ್ರದಲ್ಲಿ ವಾಸವಾಗಿರುತ್ತದೆ. ಅದರ ಯೋಗಕ್ಷೇಮ ನೋಡುವವರು ಕಚೇರಿಯ ಕೆಲಸ ಮುಗಿಸಿ ಬಂದು ರಾತ್ರಿ ಎರಡು ತಾಸು ಬಿಡುವು ಮಾಡಿಕೊಳ್ಳುವ ಸ್ವಯಂಸೇವಕರೊಬ್ಬರೋ ಇಬ್ಬರೋ.

ರಾಜ್ಯೋತ್ಸವದ ನಾಟಕಕ್ಕೆ ಸಂಜೆ ಏಳು ಗಂಟೆಗೆ ಟಿಕೆಟ್ ಮಾರಾಟ ಆರಂಭವಾಗುತ್ತದೆಂದು ಪ್ರಕಟಣೆ ಹೊರಡುತ್ತದೆ. ಏಳು ಗಂಟೆ ಐದು ನಿಮಿಷಕ್ಕೆ ಪುಟ ತೆರೆಯುವುದು ನಿಧಾನವಾಗುತ್ತದೆ, ಏಳೂ ಕಾಲಕ್ಕೆ ತೆರೆಯುವುದೇ ಇಲ್ಲ. ಸ್ವಯಂಸೇವಕರು ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲನೆಗೊಳಿಸುತ್ತಾರೆ. ಹತ್ತು ನಿಮಿಷ ಜೀವ ಬಂದಂತಾಗಿ ಪುನಃ ಅದೇ ಅವಸ್ಥೆ. ಮುಂದಿನ ಭಾನುವಾರ ಕಾರ್ಯಕಾರಿ ಸಮಿತಿಯ ಸಭೆ ಸೇರಿ, "ಜನಸಂದಣಿ ಹೆಚ್ಚಾಯಿತು, ದೊಡ್ಡ ಯಂತ್ರ ಬೇಕು" ಎಂದು ಠರಾವು ಮಾಡುತ್ತದೆ. ಬಾಡಿಗೆ ಇಮ್ಮಡಿಯಾಗುತ್ತದೆ. ಯುಗಾದಿಯ ಹೊತ್ತಿಗೆ ಜಾಲತಾಣ ಮತ್ತೊಮ್ಮೆ ನಿಲ್ಲುತ್ತದೆ. ಇಂತಹ ಪ್ರಸಂಗಗಳಲ್ಲಿ ಜನಸಂದಣಿಯ ಮೇಲೆ ಹೊರಿಸುವ ಅಪವಾದವು ಎಷ್ಟೋ ವೇಳೆ ನ್ಯಾಯವಾದುದಲ್ಲ. ಐದುನೂರು ಮಂದಿ ಸದಸ್ಯರು ಒಮ್ಮೆಲೇ ಬಂದರೂ ಸಣ್ಣ ಯಂತ್ರವೊಂದು ತಾಳಿಕೊಳ್ಳಬಲ್ಲದು. ಹಿಡಿದ ಕೆಲಸವನ್ನು ಬಿಡದೆ ಕುಳಿತ ಕೆಲವೇ ಕೆಲವು ಪ್ರೊಸೆಸ್‌ಗಳನ್ನು ಮಾತ್ರ ಅದು ತಾಳಲಾರದು.

ಒಳಗೆ ನಡೆಯುವುದೇನು?

ಸರ್ವರ್ ಎಂಬುದು ಹೊರಗಿನಿಂದ ಬರುವ ಕೋರಿಕೆಗಳಿಗೆ ಉತ್ತರ ಕೊಡುವುದಕ್ಕಾಗಿ ಹಗಲಿರುಳೂ ಎಚ್ಚರವಾಗಿರುವ ಗಣಕಯಂತ್ರ. ಅದರಲ್ಲಿ ಈ ಕೆಲಸಕ್ಕೆಂದೇ ಒಂದು ತಂತ್ರಾಂಶವಿರುತ್ತದೆ. 1995ರಲ್ಲಿ ಹೊರಬಂದ ಅಪಾಚೆ ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದರ ಸಾಂಪ್ರದಾಯಿಕ ವ್ಯವಸ್ಥೆಯು ಹಳೆಯ ಬ್ಯಾಂಕಿನ ಕೌಂಟರುಗಳನ್ನು ಹೋಲುತ್ತದೆ. ಒಬ್ಬ ಗ್ರಾಹಕನಿಗೆ ಒಂದು ಪ್ರೊಸೆಸ್. ಆ ಗ್ರಾಹಕನ ಕೆಲಸ ಮುಗಿಯುವತನಕ ಆ ಪ್ರೊಸೆಸ್ ಬೇರೆಯವರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಹೊಸ ಗ್ರಾಹಕರು ಬಂದಂತೆಲ್ಲ ಹೊಸ ಪ್ರೊಸೆಸ್‌ಗಳು ಹುಟ್ಟುತ್ತವೆ. ಬ್ಯಾಂಕಿನಲ್ಲಿ ಕೌಂಟರುಗಳನ್ನು ಹೀಗೆ ಕ್ಷಣಾರ್ಧದಲ್ಲಿ ಕಟ್ಟಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸದಲ್ಲಿಯೇ ಅಪಾಯವೂ ಅಡಗಿದೆ.

ಸರದಿಯ ಸಾಲುಗಳ ಗಣಿತವು ಗಣಕಯಂತ್ರಕ್ಕಿಂತ ಬಹಳ ಹಳೆಯದು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ, ದೂರವಾಣಿ ಕರೆಗಳ ದಟ್ಟಣೆಯನ್ನು ಕುರಿತು 1909ರಲ್ಲಿ ಮೊದಲ ಪ್ರಬಂಧವನ್ನು ಪ್ರಕಟಿಸಿದರು. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು ಗಣಿತರೀತ್ಯಾ ಸಾಧಿಸಿ ತೋರಿಸಿದ ಸೂತ್ರವಂತೂ ಬಾಯಿಲೆಕ್ಕಕ್ಕೇ ನಿಲುಕುವಷ್ಟು ಸರಳವಾಗಿದೆ. ಸೆಕೆಂಡಿಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು, ಒಬ್ಬೊಬ್ಬರೂ ಸರಾಸರಿ ಎಷ್ಟು ಸೆಕೆಂಡು ಒಳಗಿರುತ್ತಾರೆ ಎಂಬುದರಿಂದ ಗುಣಿಸಿದರೆ, ಯಾವುದೇ ಕ್ಷಣದಲ್ಲಿ ಒಳಗಿರುವವರ ಸರಾಸರಿ ಸಂಖ್ಯೆ ದೊರೆಯುತ್ತದೆ.

ಈ ಸೂತ್ರವನ್ನು ಸಂಘದ ಜಾಲತಾಣಕ್ಕೆ ಅನ್ವಯಿಸಿ ನೋಡೋಣ. ಸೆಕೆಂಡಿಗೆ 10 ಕೋರಿಕೆಗಳು ಬರುತ್ತಿದ್ದು, ಒಂದೊಂದಕ್ಕೂ 0.3 ಸೆಕೆಂಡು ಹಿಡಿದರೆ, ಸರಾಸರಿ 3 ಪ್ರೊಸೆಸ್‌ಗಳು ಮಾತ್ರ ಕೆಲಸದಲ್ಲಿರುತ್ತವೆ. ಈಗ ಯಾವುದೋ ಕಾರಣಕ್ಕೆ ಒಂದೊಂದು ಕೋರಿಕೆಯೂ 20 ಸೆಕೆಂಡು ಹಿಡಿಯತೊಡಗಿತೆನ್ನಿ. ಒಳಗಿರುವ ಪ್ರೊಸೆಸ್‌ಗಳ ಸಂಖ್ಯೆ 200ಕ್ಕೆ ಏರುತ್ತದೆ. ಬಂದವರಲ್ಲಿ ಒಬ್ಬರೂ ಹೆಚ್ಚಾಗಿಲ್ಲ! ಬಾಗಿಲಲ್ಲಿ ನಿಂತು ಎಣಿಸುವವನಿಗೆ ನಿನ್ನೆಗೂ ಇಂದಿಗೂ ಭೇದವೇ ತೋರದು; ಒಳಗೆ ಮಾತ್ರ ಕಾಲಿಡಲು ಜಾಗವಿಲ್ಲ. ಸಮಿತಿಯ ಸಭೆಯಲ್ಲಿ "ಜನಸಂದಣಿ" ಎಂಬ ಮಾತು ಕೇಳಿಬಂದಾಗ ಮೊದಲು ನೋಡಬೇಕಾದುದು ಈ ಲೆಕ್ಕವನ್ನು.

200 ಪ್ರೊಸೆಸ್‌ಗಳಿದ್ದರೆ ನಷ್ಟವೇನು ಎಂದು ಕೇಳಬಹುದು. ಪ್ರತಿಯೊಂದೂ ಯಂತ್ರದ ಮೆಮೊರಿಯಲ್ಲಿ ತನ್ನ ಪಾಲಿನ ಜಾಗವನ್ನು ಕೇಳುತ್ತದೆ. ಯಂತ್ರದಲ್ಲಿ 4 ಜಿಬಿ ಮೆಮೊರಿ ಇದೆಯೆಂದೂ, ಡೇಟಾಬೇಸ್ ಮತ್ತಿತರ ಅಗತ್ಯಗಳಿಗೆ 1.5 ಜಿಬಿ ತೆಗೆದಿರಿಸಿದೆಯೆಂದೂ ಇಟ್ಟುಕೊಳ್ಳೋಣ. ಉಳಿಯುವುದು 2.5 ಜಿಬಿ. ಒಂದು ಪ್ರೊಸೆಸ್‌ಗೆ 50 ಎಂಬಿ ಬೇಕಾದರೆ 50 ಪ್ರೊಸೆಸ್‌ಗಳಿಗೆ ಅಲ್ಲಿ ಎಡೆಯುಂಟು. ಅಪಾಚೆಯ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಯಾರೂ ಬದಲಾಯಿಸದಿದ್ದರೆ ಇರುವ ಮೇಲ್ಮಿತಿ 256. ಅಷ್ಟೂ ಹುಟ್ಟಿದರೆ 12.8 ಜಿಬಿ ಬೇಕು. ಠೇವಣಿ ನಾಲ್ಕು, ಚೆಕ್ಕು ಹನ್ನೆರಡಕ್ಕೆ ಎಂದರೆ ಪರಿಣಾಮವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಕಾದರೆ ಚೆಕ್ಕನ್ನು ಹಿಂದಿರುಗಿಸುತ್ತದೆ. ಗಣಕಯಂತ್ರ ಹಾಗೆ ಮಾಡುವುದಿಲ್ಲ. ಸಾಲ ಮಾಡಿ ಗೌರವ ಉಳಿಸಿಕೊಳ್ಳಲು ಹೊರಡುತ್ತದೆ. ಮೆಮೊರಿಯಲ್ಲಿ ಸದ್ಯಕ್ಕೆ ಬೇಡವೆನಿಸಿದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಇದಕ್ಕೆ ಸ್ವ್ಯಾಪ್ ಎಂದು ಹೆಸರು. ಡಿಸ್ಕು ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನವಾದುದರಿಂದ, ಈ ಸಾಗಾಟವು ಒಂದು ಮಿತಿಯನ್ನು ದಾಟಿದ ಮೇಲೆ ಯಂತ್ರವು ಸಾಮಾನು ಒಯ್ಯುವುದು, ತರುವುದು ಇಷ್ಟರಲ್ಲಿಯೇ ಮುಳುಗಿ ನಿಜವಾದ ಕೆಲಸವನ್ನು ಮರೆಯುತ್ತದೆ. ಥ್ರ್ಯಾಷಿಂಗ್ ಎಂದು ಕರೆಯಲಾಗುವ ಈ ದುರವಸ್ಥೆಯ ಕಾರಣವನ್ನೂ ನಿವಾರಣೆಯನ್ನೂ ಪೀಟರ್ ಡೆನ್ನಿಂಗ್ ಅವರು 1968ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಇದರ ಅತಿ ದುಷ್ಟ ಗುಣವೆಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದು. ಕೆಲಸ ನಿಧಾನವಾದಷ್ಟೂ ಒಳಗಿರುವವರು ಹೆಚ್ಚುತ್ತಾರೆ. ಅವರು ಹೆಚ್ಚಿದಷ್ಟೂ ಮೆಮೊರಿ ಸಾಲದೆ ಕೆಲಸ ಮತ್ತಷ್ಟು ನಿಧಾನವಾಗುತ್ತದೆ. ಇದರ ಮೇಲೆ ತಾಳ್ಮೆಗೆಟ್ಟ ಸದಸ್ಯರು ಪುಟವನ್ನು ಮತ್ತೆ ಮತ್ತೆ ಹೊಸದಾಗಿ ತೆರೆಯುತ್ತಾರೆ. ಅವರು ಬಿಟ್ಟುಹೋದ ಹಳೆಯ ಕೋರಿಕೆಯ ಕೆಲಸ ಒಳಗೆ ಬಹುಮಟ್ಟಿಗೆ ನಡೆದೇ ಇರುತ್ತದೆ. ಕೊನೆಗೆ ಲಿನಕ್ಸ್ ವ್ಯವಸ್ಥೆಯು ಬೇರೆ ದಾರಿ ಕಾಣದೆ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರೊಸೆಸ್ ಒಂದನ್ನು ಹುಡುಕಿ ಕೊಲ್ಲುತ್ತದೆ. ಬಹಳ ಸಲ ಹಾಗೆ ಸಿಕ್ಕಿಬೀಳುವುದು ಏನೂ ತಪ್ಪು ಮಾಡದ ಡೇಟಾಬೇಸ್.

ಉರಿಯುವವರು, ಕಾಯುವವರು

ಜ್ವರ ಬಂದವನಿಗೆಲ್ಲ ಒಂದೇ ಗುಳಿಗೆ ಕೊಡುವ ವೈದ್ಯನನ್ನು ಯಾರೂ ಮೆಚ್ಚಲಾರರು. ಮಲೇರಿಯವೋ ವಿಷಮಶೀತವೋ ಎಂದು ಮೊದಲು ತಿಳಿಯಬೇಕು. ಇಲ್ಲಿಯೂ ಹಾಗೆಯೇ. ಬಿಡದೆ ಕುಳಿತ ಪ್ರೊಸೆಸ್‌ಗಳಲ್ಲಿ ಎರಡು ಬಗೆ. ಕೆಲವು ಯಂತ್ರದ ಶಕ್ತಿಯನ್ನೆಲ್ಲ ಸುಡುತ್ತಾ ಲೆಕ್ಕ ಹಾಕುತ್ತಲೇ ಇರುತ್ತವೆ. ಇನ್ನು ಕೆಲವು ಏನನ್ನೂ ಮಾಡದೆ ಯಾರನ್ನೋ ಕಾಯುತ್ತಾ ಜಾಗ ಹಿಡಿದು ಕುಳಿತಿರುತ್ತವೆ. ಹೊರಗಿನವರಿಗೆ ಎರಡೂ ಒಂದೇ ರೀತಿ ತೋರುತ್ತವೆ: ಪುಟ ತೆರೆಯುತ್ತಿಲ್ಲ.

ಲಿನಕ್ಸ್ ಯಂತ್ರದಲ್ಲಿ 'ಟಾಪ್' ಎಂಬ ಆದೇಶವನ್ನು ಕೊಟ್ಟರೆ ಯಾವ ಪ್ರೊಸೆಸ್ ಎಷ್ಟು ಶಕ್ತಿಯನ್ನೂ ಎಷ್ಟು ಮೆಮೊರಿಯನ್ನೂ ಬಳಸುತ್ತಿದೆಯೆಂಬ ಪಟ್ಟಿ ಕಣ್ಣೆದುರಿಗೆ ಬರುತ್ತದೆ. ಅದರ ಶಿರೋಭಾಗದಲ್ಲಿ ಮೂರು ಅಂಕಿಗಳಿರುತ್ತವೆ. ಕಳೆದ 1, 5 ಮತ್ತು 15 ನಿಮಿಷಗಳಲ್ಲಿ ಯಂತ್ರದ ಮೇಲಿದ್ದ ಸರಾಸರಿ ಹೊರೆಯನ್ನು ಅವು ತಿಳಿಸುತ್ತವೆ. ಆಸ್ಪತ್ರೆಯ ಹಾಸಿಗೆಯ ಬುಡದಲ್ಲಿ ತೂಗುಹಾಕಿದ ಉಷ್ಣತೆಯ ನಕ್ಷೆಯಂತೆ ಇದನ್ನು ಓದಬೇಕು. ಮೊದಲನೆಯ ಅಂಕಿ ಮೂರನೆಯದಕ್ಕಿಂತ ದೊಡ್ಡದಾಗಿದ್ದರೆ ಜ್ವರ ಏರುತ್ತಿದೆ, ಚಿಕ್ಕದಾಗಿದ್ದರೆ ಇಳಿಯುತ್ತಿದೆ. ಎರಡು ಕೋರ್‌ಗಳ ಯಂತ್ರದಲ್ಲಿ 2 ಎಂದರೆ ಕೈತುಂಬ ಕೆಲಸವಿದೆಯೆಂದು ತಿಳಿಯಬಹುದು. 40 ಎಂದರೆ ಗಂಭೀರ. ಆದರೆ ಒಂದು ಎಚ್ಚರಿಕೆ ಅವಶ್ಯ. ಲಿನಕ್ಸ್ ಈ ಎಣಿಕೆಯಲ್ಲಿ ಲೆಕ್ಕ ಹಾಕುತ್ತಿರುವವರನ್ನಷ್ಟೇ ಅಲ್ಲದೆ ಡಿಸ್ಕಿಗಾಗಿ ಕಾಯುತ್ತಿರುವವರನ್ನೂ ಸೇರಿಸುತ್ತದೆ. ಆದಕಾರಣ ಅಂಕಿಯೊಂದನ್ನೇ ನೋಡಿ ರೋಗವನ್ನು ಹೆಸರಿಸಲಾಗದು.

ಹೊಸಬರನ್ನು ಬಹುವಾಗಿ ದಿಕ್ಕು ತಪ್ಪಿಸುವುದು ಎರಡನೆಯ ಬಗೆ. ಯಂತ್ರದ ಶಕ್ತಿಯ ಬಹುಭಾಗ ಬಿಡುವಾಗಿಯೇ ಇರುತ್ತದೆ, ಹೊರೆಯ ಅಂಕಿಯೂ ಸಣ್ಣದು, ಆದರೂ ಜಾಲತಾಣ ಸತ್ತಂತಿರುತ್ತದೆ. ಟಿಕೆಟ್ ಕೊಂಡವರಿಗೆ ಎಸ್‌ಎಂಎಸ್ ಕಳುಹಿಸುವ ಹೊರಗಿನ ಸೇವೆಯೊಂದು ಆ ದಿನ ನಿಧಾನವಾಗಿರಬಹುದು. ಪುಟವು ಆ ಸೇವೆಯ ಉತ್ತರಕ್ಕಾಗಿ ಕಾಯುವಂತೆ ಬರೆಯಲ್ಪಟ್ಟಿದ್ದರೆ ಪ್ರತಿ ಟಿಕೆಟ್ಟಿಗೂ ಒಂದೊಂದು ಪ್ರೊಸೆಸ್ ಅಲ್ಲಿ ನಿಂತುಬಿಡುತ್ತದೆ. ಅಥವಾ ಡೇಟಾಬೇಸಿನಲ್ಲಿ ಒಬ್ಬರು ಬರೆಯುತ್ತಿರುವಾಗ ಇಡೀ ಕೋಷ್ಟಕಕ್ಕೆ ಬೀಗ ಬಿದ್ದು ಉಳಿದವರೆಲ್ಲ ಹೊರಗೆ ನಿಂತಿರಬಹುದು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ ಹಳೆಯ ಮೈಐಸ್ಯಾಮ್ ಪದ್ಧತಿಯಲ್ಲಿ ಹೀಗಾಗುತ್ತಿತ್ತು. 2010ರ 5.5ನೆಯ ಆವೃತ್ತಿಯಿಂದ ಸಾಲುಸಾಲಿಗೆ ಮಾತ್ರ ಬೀಗ ಹಾಕುವ ಇನ್ನೋಡಿಬಿ ಪದ್ಧತಿಯೇ ರೂಢಿಯ ಪದ್ಧತಿಯಾಯಿತಾದರೂ, ಅದಕ್ಕಿಂತ ಹಿಂದೆ ಸೃಷ್ಟಿಸಿದ ಕೋಷ್ಟಕಗಳು ಯಾರಾದರೂ ಪರಿವರ್ತಿಸದ ಹೊರತು ಹಳೆಯ ಪದ್ಧತಿಯಲ್ಲಿಯೇ ಉಳಿದಿರುತ್ತವೆ.

ಇನ್ನೊಂದು ಬಹು ಸಾಮಾನ್ಯವಾದ ಕಾರಣ ಸೂಚಿಯಿಲ್ಲದ ಕೋಷ್ಟಕ. ಸದಸ್ಯರು ಇನ್ನೂರು ಮಂದಿಯಿದ್ದಾಗ ಹೆಸರನ್ನು ಹುಡುಕಲು ಪಟ್ಟಿಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದರೂ ನಡೆಯುತ್ತದೆ. ಹತ್ತು ವರ್ಷಗಳ ಟಿಕೆಟ್ಟು, ಚಂದಾ, ಅರ್ಜಿಗಳೆಲ್ಲ ಸೇರಿ ಎರಡು ಲಕ್ಷ ಸಾಲುಗಳಾದ ಮೇಲೆ ಅದೇ ಹುಡುಕಾಟ ದಿನವೂ ಸ್ವಲ್ಪಸ್ವಲ್ಪವಾಗಿ ಭಾರವಾಗುತ್ತಾ ಹೋಗಿ, ಒಂದು ಸಂಜೆ ಮುರಿದುಬೀಳುತ್ತದೆ. ಯಾರೂ ಏನನ್ನೂ ಬದಲಾಯಿಸಿರುವುದಿಲ್ಲ. "ನಿನ್ನೆಯವರೆಗೆ ಸರಿಯಾಗಿಯೇ ಇತ್ತಲ್ಲ" ಎಂಬ ಮಾತು ಇಲ್ಲಿ ನಿಜವೂ ಹೌದು, ನಿರುಪಯೋಗಿಯೂ ಹೌದು. ಇಂತಹ ನಿಧಾನವಾದ ಹುಡುಕಾಟಗಳನ್ನು ಬರೆದಿಡುವ ದಾಖಲೆಯೊಂದು ಮೈಎಸ್‌ಕ್ಯುಎಲ್‌ನಲ್ಲಿ ಉಂಟು. ಆದರೆ ನಾವಾಗಿ ಕೇಳುವತನಕ ಅದು ಮೌನವಾಗಿರುತ್ತದೆ. ಕೇಳಿದ ಮೇಲೂ 10 ಸೆಕೆಂಡಿಗಿಂತ ಹೆಚ್ಚು ಹಿಡಿದವುಗಳನ್ನು ಮಾತ್ರ ನಿಧಾನವೆಂದು ಗಣಿಸುತ್ತದೆ. ಈ ಅಂಕಿಯನ್ನು 1ಕ್ಕೆ ಇಳಿಸುವುದು ವಿವೇಕ.

ಪಿಎಚ್‌ಪಿ ಭಾಷೆಯಲ್ಲಿ ರಚಿತವಾದ ಜಾಲತಾಣಗಳಲ್ಲಿ ಯಾವ ಕೆಲಸವೂ 30 ಸೆಕೆಂಡು ಮೀರಬಾರದೆಂಬ ನಿಯಮ ಮೊದಲಿನಿಂದಲೂ ಇರುತ್ತದೆ. ಅದನ್ನು ನಂಬಿ ನಿಶ್ಚಿಂತರಾಗುವವರಿದ್ದಾರೆ. ಲಿನಕ್ಸ್ ಯಂತ್ರಗಳಲ್ಲಿ ಈ ಗಡಿಯಾರವು ಲೆಕ್ಕ ಹಾಕಿದ ಹೊತ್ತನ್ನು ಮಾತ್ರ ಎಣಿಸುತ್ತದೆ; ಡೇಟಾಬೇಸಿಗಾಗಿಯೋ ಹೊರಗಿನ ಸೇವೆಗಾಗಿಯೋ ಕಾದ ಹೊತ್ತನ್ನು ಎಣಿಸುವುದೇ ಇಲ್ಲ. ಉರಿಯುವವನನ್ನು ಅದು ಹಿಡಿಯುತ್ತದೆ, ಕಾಯುವವನನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಹೊರಗಿನ ಸೇವೆಯನ್ನು ಕರೆಯುವ ಪ್ರತಿಯೊಂದು ಕಡೆಯಲ್ಲಿಯೂ ಕಾಯುವ ಅವಧಿಯನ್ನು ಪ್ರತ್ಯೇಕವಾಗಿಯೇ ಬರೆಯಬೇಕಾಗುತ್ತದೆ.

ಇಪ್ಪತ್ತು ಸಾವಿರ ಖಾಲಿ ಜಾಗಗಳು

ಉರಿಯುವ ಬಗೆಗೆ ಎರಡು ಪ್ರಸಿದ್ಧ ಉದಾಹರಣೆಗಳಿವೆ. ಮೊದಲನೆಯದು 2016ರ ಜುಲೈ 20ರಂದು ನಡೆದದ್ದು. ಜಗತ್ತಿನ ತಂತ್ರಾಂಶ ರಚನಕಾರರೆಲ್ಲ ತಮ್ಮ ಸಂದೇಹಗಳನ್ನು ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ಜಾಲತಾಣ ಅಂದು 34 ನಿಮಿಷ ನಿಂತುಹೋಯಿತು. ಭಾರತದಲ್ಲಿ ಆಗ ರಾತ್ರಿ ಎಂಟೂ ಕಾಲರ ಸಮಯ. ದಾಳಿಯೂ ಇಲ್ಲ, ಜನಸಾಗರವೂ ಇಲ್ಲ. ಯಾರೋ ಒಬ್ಬರು ಬರೆದ ಬರಹದ ಒಂದು ಸಾಲಿನ ನಡುವೆ ಸುಮಾರು 20,000 ಖಾಲಿ ಜಾಗಗಳು ಒಂದರ ಪಕ್ಕದಲ್ಲೊಂದು ಸೇರಿಕೊಂಡಿದ್ದವು, ಅಷ್ಟೇ.

ಬರಹದ ಸಾಲಿನ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇರುವ ಖಾಲಿ ಜಾಗವನ್ನು ಕತ್ತರಿಸಿ ಚೊಕ್ಕಟಗೊಳಿಸಲು ಅಲ್ಲಿ ಒಂದು ಚಿಕ್ಕ ಸೂತ್ರವಿತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಕರೆಯಲಾಗುವ ಇಂತಹ ಸೂತ್ರಗಳು ಅಕ್ಷರಗಳ ವಿನ್ಯಾಸವನ್ನು ಹುಡುಕಿ ಕೊಡುತ್ತವೆ. ಸೂತ್ರವು ಮೊದಲನೆಯ ಖಾಲಿ ಜಾಗದಿಂದ ಹೊರಟು 20,000 ಹೆಜ್ಜೆ ನಡೆಯಿತು. ತುದಿಯಲ್ಲಿ ಸಾಲು ಮುಗಿದಿರದೆ ಬೇರೊಂದು ಅಕ್ಷರ ಎದುರಾದುದರಿಂದ ಪ್ರಯತ್ನ ವಿಫಲವಾಯಿತು. ಆಗ ಅದು ಎರಡನೆಯ ಖಾಲಿ ಜಾಗಕ್ಕೆ ಹಿಂದಿರುಗಿ ಮತ್ತೆ 19,999 ಹೆಜ್ಜೆ ನಡೆಯಿತು. ಅನಂತರ ಮೂರನೆಯದರಿಂದ, ನಾಲ್ಕನೆಯದರಿಂದ. ಒಂದರಿಂದ ಇಪ್ಪತ್ತು ಸಾವಿರದವರೆಗೆ ಎಲ್ಲ ಅಂಕಿಗಳನ್ನೂ ಕೂಡಿದರೆ ಸುಮಾರು 20 ಕೋಟಿಯಾಗುತ್ತದೆ. ಆ ಬರಹವು ಮುಖಪುಟದ ಪಟ್ಟಿಯಲ್ಲಿದ್ದುದರಿಂದ, ಮುಖಪುಟವನ್ನು ತೆರೆಯಲು ಬಂದ ಒಬ್ಬೊಬ್ಬರಿಗಾಗಿಯೂ ಈ ಇಪ್ಪತ್ತು ಕೋಟಿ ಹೆಜ್ಜೆಗಳ ನಡಿಗೆ ಹೊಸದಾಗಿ ಆರಂಭವಾಗುತ್ತಿತ್ತು.

ಇಷ್ಟರಲ್ಲಿಯೇ ಮುಗಿಯಲಿಲ್ಲ. ಅನೇಕ ಸರ್ವರ್‌ಗಳ ನಡುವೆ ಕೆಲಸವನ್ನು ಹಂಚುವ ಮೇಲ್ವಿಚಾರಕ ಯಂತ್ರವು ಆಗಾಗ್ಗೆ ಪ್ರತಿಯೊಂದರ ನಾಡಿ ಹಿಡಿದು ನೋಡುತ್ತಿತ್ತು. ನಾಡಿ ನೋಡಲು ಅದು ಬಳಸುತ್ತಿದ್ದುದು ಅದೇ ಮುಖಪುಟವನ್ನು! ಉತ್ತರ ಬಾರದಿರಲು, ಸರ್ವರ್ ಸತ್ತಿದೆಯೆಂದು ಬಗೆದು ಅದನ್ನು ಕೆಲಸದಿಂದ ಕೈಬಿಟ್ಟಿತು. ಹೀಗೆ ಇಡೀ ಜಾಲತಾಣ ಬರಿದಾಯಿತು. ಕಾರಣವನ್ನು ಕಂಡುಹಿಡಿಯಲು 10 ನಿಮಿಷ, ಸರಿಪಡಿಸುವ ಸಾಲುಗಳನ್ನು ಬರೆಯಲು 14 ನಿಮಿಷ, ಎಲ್ಲೆಡೆಗೂ ಮುಟ್ಟಿಸಲು 10 ನಿಮಿಷ ಹಿಡಿಯಿತೆಂದು ಸಂಸ್ಥೆಯವರು ಅನಂತರ ಲೆಕ್ಕ ಒಪ್ಪಿಸಿದರು. ಕಾರಣ ಹತ್ತೇ ನಿಮಿಷದಲ್ಲಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ನಿಲ್ಲಿಸಿ ಚಾಲನೆಗೊಳಿಸುವ ಆಟವನ್ನೇ ಆಡುತ್ತಿದ್ದರೆ ಬರಹವು ಮುಖಪುಟದಿಂದ ತಾನಾಗಿ ಇಳಿಯುವವರೆಗೂ ಅವರು ಆಡುತ್ತಲೇ ಇರಬೇಕಾಗುತ್ತಿತ್ತು.

ಆ ಸೂತ್ರದಲ್ಲಿ ಕನ್ನಡಿಗರಿಗೆ ಆಪ್ತವೆನಿಸುವ ಸೂಕ್ಷ್ಮವೊಂದಿದೆ. ಸಾಮಾನ್ಯ ಖಾಲಿ ಜಾಗದ ಜೊತೆಗೆ, ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆಯನ್ನೂ ಅದು ಹುಡುಕುತ್ತಿತ್ತು. ಯೂನಿಕೋಡ್ ಸಂಕೇತದಲ್ಲಿ ಅದರ ಸಂಖ್ಯೆ 200ಸಿ. ಕನ್ನಡವನ್ನು ಬೆರಳಚ್ಚಿಸುವವರು ದಿನವೂ ಬಳಸುವ ಚಿಹ್ನೆಯದು. 'ಬ್ಯಾಂಕ್‌ನಲ್ಲಿ' ಎಂದು ಬರೆಯುವಾಗ ನಕಾರವು ಕಕಾರದ ಕೆಳಗೆ ಒತ್ತಾಗಿ ಇಳಿಯದಂತೆ ನಡುವೆ ನಿಂತು ತಡೆಯುವುದು ಅದೇ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ಆದರೂ ಗಣಕಯಂತ್ರದ ಎಣಿಕೆಯಲ್ಲಿ ಅದು ಒಂದು ಅಕ್ಷರ. ಕನ್ನಡ ಜಾಲತಾಣಗಳಲ್ಲಿ ಹೆಸರನ್ನು ಹುಡುಕಿದಾಗ ಸಿಗದೆ ಹೋಗುವುದಕ್ಕೂ ಎಷ್ಟೋ ಸಲ ಈ ಕಾಣದ ಚಿಹ್ನೆಯೇ ಕಾರಣವಾಗಿರುತ್ತದೆ. ಆದರೆ ಅದು ಬೇರೆಯೇ ಲೇಖನದ ವಸ್ತು.

ಎರಡನೆಯ ಉದಾಹರಣೆ ಇದಕ್ಕಿಂತ ಬಹಳ ದೊಡ್ಡದು. ಕ್ಲೌಡ್‌ಫ್ಲೇರ್ ಎಂಬ ಅಮೆರಿಕದ ಸಂಸ್ಥೆಯು ಲಕ್ಷಾಂತರ ಜಾಲತಾಣಗಳ ಮುಂಬಾಗಿಲಲ್ಲಿ ಕಾವಲುಗಾರನಂತೆ ನಿಂತಿರುತ್ತದೆ. 2019ರ ಜುಲೈ 2ರಂದು, ಭಾರತೀಯ ಕಾಲಮಾನ ಸಂಜೆ 7 ಗಂಟೆ 12 ನಿಮಿಷಕ್ಕೆ, ದುಷ್ಟ ಕೋರಿಕೆಗಳನ್ನು ಗುರುತಿಸುವ ಹೊಸ ನಿಯಮವೊಂದನ್ನು ಅದು ಜಗತ್ತಿನಾದ್ಯಂತ ತನ್ನ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಕಳುಹಿಸಿತು. ನಿಯಮದೊಳಗಿನ ಸೂತ್ರವು ಮೇಲೆ ಹೇಳಿದಂತೆಯೇ ಹಿಂದಿರುಗಿ ಹಿಂದಿರುಗಿ ನಡೆಯುವ ಜಾತಿಯದು. ಜಾಲತಾಣಗಳ ಕೋರಿಕೆಗಳನ್ನು ನಿರ್ವಹಿಸುವ ಯಂತ್ರಶಕ್ತಿಯೆಲ್ಲವೂ ನೂರಕ್ಕೆ ನೂರು ಆ ಲೆಕ್ಕದಲ್ಲಿಯೇ ಮುಳುಗಿತು. ಸಂಚಾರವು ಒಂದು ಹಂತದಲ್ಲಿ ಶೇಕಡ 82ರಷ್ಟು ಕುಸಿಯಿತು. ಆ ನಿಯಮವು ಯಾರನ್ನೂ ತಡೆಯದೆ ಬರೀ ಗಮನಿಸುವ ಪರೀಕ್ಷಾ ಸ್ಥಿತಿಯಲ್ಲಿತ್ತು ಎಂಬುದು ಇಲ್ಲಿಯ ವಿಪರ್ಯಾಸ. ಗಮನಿಸಬೇಕಾದರೂ ಲೆಕ್ಕ ಹಾಕಲೇಬೇಕಷ್ಟೆ! ಇಂತಹ ಸೂತ್ರಗಳು ಅತಿಯಾಗಿ ಶಕ್ತಿ ಸುಡದಂತೆ ತಡೆಯುವ ರಕ್ಷಣೆಯೊಂದು ಹಿಂದೆ ಇತ್ತು. ಕೆಲವು ವಾರಗಳ ಮುಂಚೆ ತಂತ್ರಾಂಶವನ್ನು ತಿದ್ದುವಾಗ ಅದು ಕಣ್ತಪ್ಪಿನಿಂದ ಹೊರಟುಹೋಗಿತ್ತು.

ಎಂಜಿನಿಯರುಗಳಿಗೆ ಮೊದಲು ಬಂದ ಅನುಮಾನ ಯಾರೋ ದಾಳಿ ಮಾಡಿರಬಹುದೆಂಬುದು. ಕಾರಣ ತಿಳಿದ ಮೇಲೂ ಅವರು ತಮ್ಮ ನಿಯಂತ್ರಣ ಫಲಕವನ್ನು ಪ್ರವೇಶಿಸಲು ಪರದಾಡಬೇಕಾಯಿತು, ಏಕೆಂದರೆ ಆ ಫಲಕಕ್ಕೆ ಹೋಗುವ ದಾರಿಯೂ ಅವರದೇ ಜಾಲದ ಮೂಲಕ ಹಾದುಹೋಗುತ್ತಿತ್ತು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡವರ ಪಾಡು. 27 ನಿಮಿಷಗಳ ತರುವಾಯ, ನಿಯಮಗಳ ಆ ವಿಭಾಗವನ್ನೇ ಜಗತ್ತಿನಾದ್ಯಂತ ಆರಿಸಿದ ಮೇಲೆ ಸಂಚಾರ ಮರಳಿತು. ಅನಂತರ ಅವರು ಇಂತಹ ಸೂತ್ರಗಳಿಗೆ ಗೊತ್ತಾದ ಕಾಲಮಿತಿಯೊಳಗೆ ಕೆಲಸ ಮುಗಿಸುವ ಬೇರೆ ಯಂತ್ರಾಂಗವನ್ನು ಬಳಸಲು ನಿಶ್ಚಯಿಸಿದರು.

ಚಿಕಿತ್ಸೆಗೆ ಮುನ್ನ, ಚಿಕಿತ್ಸೆಯ ನಂತರ

ಇಂತಹ ಸಂಸ್ಥೆಗಳಿಗೆ ಎಂಜಿನಿಯರುಗಳ ಪಡೆಯೇ ಇರುತ್ತದೆ. ಸಂಘದ ಸ್ವಯಂಸೇವಕರಿಗೆ ಇರುವುದು ರಾತ್ರಿಯ ಎರಡು ತಾಸು. ಅವರು ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಯಂತ್ರವನ್ನು ನಿಲ್ಲಿಸುವುದಕ್ಕೆ ಮೊದಲು ಐದು ನಿಮಿಷ ತಡೆದು ನೋಡುವುದು. ನಿಲ್ಲಿಸಿದೊಡನೆ ಸಾಕ್ಷ್ಯಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. 'ಟಾಪ್' ಪಟ್ಟಿಯ ಒಂದು ಪ್ರತಿ, ಸ್ವ್ಯಾಪ್ ಎಷ್ಟು ಬಳಕೆಯಾಗಿದೆಯೆಂಬ ಅಂಕಿ, ಡೇಟಾಬೇಸಿನಲ್ಲಿ ಆ ಕ್ಷಣ ಚಾಲನೆಯಲ್ಲಿರುವ ಹುಡುಕಾಟಗಳ ಪಟ್ಟಿ, ಇವಿಷ್ಟನ್ನು ಕಡತದಲ್ಲಿ ಉಳಿಸಿಕೊಂಡರೆ ಮರುದಿನ ಸಾವಧಾನವಾಗಿ ವಿಚಾರ ಮಾಡಬಹುದು. ಅಪಾಚೆಯಲ್ಲಿ 'ಸರ್ವರ್ ಸ್ಟೇಟಸ್' ಎಂಬ ಪುಟವೊಂದಿದೆ. ಯಾವ ಪ್ರೊಸೆಸ್ ಯಾವ ಪುಟಕ್ಕಾಗಿ ಎಷ್ಟು ಸೆಕೆಂಡುಗಳಿಂದ ದುಡಿಯುತ್ತಿದೆಯೆಂದು ಅದು ಹೇಳುತ್ತದೆ. ಇದನ್ನು ಮುಂಚಿತವಾಗಿಯೇ ಸಿದ್ಧಪಡಿಸಿ, ಹೊರಗಿನವರಿಗೆ ಕಾಣದಂತೆ ಇಟ್ಟುಕೊಂಡಿರಬೇಕು.

ಮೇಲ್ಮಿತಿಯ ವಿಷಯದಲ್ಲಿ ಅಪಾಚೆಯ ಕೈಪಿಡಿಯ ಉಪದೇಶ ನಿಸ್ಸಂದಿಗ್ಧವಾಗಿದೆ: ಸರ್ವರ್ ಎಂದಿಗೂ ಸ್ವ್ಯಾಪ್‌ಗೆ ಇಳಿಯಬಾರದು, ಲಭ್ಯ ಮೆಮೊರಿಯನ್ನು ಒಂದು ಪ್ರೊಸೆಸ್‌ನ ಸರಾಸರಿ ಗಾತ್ರದಿಂದ ಭಾಗಿಸಿ ಮೇಲ್ಮಿತಿಯನ್ನು ಗೊತ್ತುಪಡಿಸಬೇಕು. ಮೇಲಿನ ಲೆಕ್ಕದಲ್ಲಿ ಅದು 50. ಮಿತಿಯನ್ನು 256ರಿಂದ 50ಕ್ಕೆ ಇಳಿಸಿರೆಂದರೆ ಸಮಿತಿಯ ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಐವತ್ತೊಂದನೆಯವನನ್ನು ಹೊರಗೆ ಸರದಿಯಲ್ಲಿ ನಿಲ್ಲಿಸಿದಾಗ ಒಳಗಿನ ಐವತ್ತು ಮಂದಿಯ ಕೆಲಸ ಬೇಗ ಮುಗಿದು ಅವನ ಸರದಿಯೂ ಬೇಗ ಬರುತ್ತದೆ. ಎಲ್ಲರನ್ನೂ ಒಳಗೆ ಬಿಟ್ಟರೆ ಯಾರಿಗೂ ಟಿಕೆಟ್ಟಿಲ್ಲ. ಹೊಸ ವ್ಯವಸ್ಥೆಗಳಲ್ಲಿ ಪಿಎಚ್‌ಪಿಯ ಕೆಲಸಗಾರರನ್ನು ಬೇರೆಯಾಗಿಯೇ ಎಣಿಸುತ್ತಾರೆ. ಭಾಗಾಕಾರ ಮಾತ್ರ ಇದೇ.

ಮನುಷ್ಯರಲ್ಲದ ಸಂದರ್ಶಕರ ಮಾತನ್ನೂ ಬಿಡುವಂತಿಲ್ಲ. ಜಾಲತಾಣಗಳನ್ನು ಪುಟಪುಟವಾಗಿ ಓದುತ್ತ ಸಾಗುವ ಬಾಟ್‌ಗಳ ಕಾಟ ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಬಹಳ ಹೆಚ್ಚಿದೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನವು 2025ರ ಏಪ್ರಿಲಿನಲ್ಲಿ ಹೇಳಿದಂತೆ, ಪುಟವೀಕ್ಷಣೆಗಳಲ್ಲಿ ಬಾಟ್‌ಗಳ ಪಾಲು ಸುಮಾರು ಶೇಕಡ 35 ಆದರೂ, ಅತಿ ದುಬಾರಿಯಾದ ಸಂಚಾರದಲ್ಲಿ ಅವುಗಳ ಪಾಲು ಶೇಕಡ 65. ಮನುಷ್ಯರು ಬಹುಮಟ್ಟಿಗೆ ಜನಪ್ರಿಯ ಪುಟಗಳನ್ನೇ ಓದುತ್ತಾರೆ, ಅವು ಸಿದ್ಧ ಪ್ರತಿಗಳಾಗಿ ಕೈಗೆಟುಕುವಂತಿರುತ್ತವೆ. ಬಾಟ್‌ಗಳು ಯಾರೂ ಓದದ ಮೂಲೆಯ ಪುಟಗಳನ್ನೂ ಕೆದಕುವುದರಿಂದ ಪ್ರತಿಯೊಂದನ್ನೂ ಹೊಸದಾಗಿ ತಯಾರಿಸಿಕೊಡಬೇಕಾಗುತ್ತದೆ. ಸಂಘದ ಜಾಲತಾಣದ ಕಾರ್ಯಕ್ರಮ ಪಂಚಾಂಗದಲ್ಲಿ "ಮುಂದಿನ ತಿಂಗಳು" ಎಂಬ ಕೊಂಡಿಯಿದ್ದರೆ, ಬಾಟ್ ಅದನ್ನು ಒತ್ತುತ್ತಾ ಒತ್ತುತ್ತಾ ಮುಂದಿನ ಶತಮಾನದ ರಾಜ್ಯೋತ್ಸವದವರೆಗೂ ಹೋಗಬಲ್ಲದು. 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬವರು ಸೂಚಿಸಿದ 'ರೋಬಾಟ್ಸ್' ಕಡತದಲ್ಲಿ ಅಂತಹ ಪುಟಗಳಿಗೆ ಪ್ರವೇಶವಿಲ್ಲವೆಂದು ಬರೆದಿಡಬಹುದು. ಅದು ಬಾಗಿಲಿಗೆ ಅಂಟಿಸಿದ ವಿನಂತಿಯೇ ಹೊರತು ಬೀಗವಲ್ಲ. ಸಭ್ಯರು ಪಾಲಿಸುತ್ತಾರೆ; ಉಳಿದವರನ್ನು ಪ್ರವೇಶದ ದಾಖಲೆಯಲ್ಲಿ ಗುರುತಿಸಿ ತಡೆಯಬೇಕಾಗುತ್ತದೆ.

ಇಷ್ಟಾದರೂ ಕೆಲವೊಮ್ಮೆ ಪ್ರೊಸೆಸ್ ಒಂದನ್ನು ಬಲವಂತವಾಗಿ ಕೊನೆಗಾಣಿಸದೆ ಗತ್ಯಂತರವಿರುವುದಿಲ್ಲ. ಅದರಲ್ಲಿಯೂ ಒಂದು ಕ್ರಮವಿದೆ. ಅಪಾಚೆಗೆ 'ಗ್ರೇಸ್‌ಫುಲ್' ಆದೇಶವನ್ನು ಕೊಟ್ಟರೆ, ಕೈಯಲ್ಲಿರುವ ಕೋರಿಕೆಯನ್ನು ಮುಗಿಸಿಯೇ ಪ್ರೊಸೆಸ್‌ಗಳು ನಿವೃತ್ತಿ ಹೊಂದುತ್ತವೆ. ಅದಕ್ಕೂ ಬಗ್ಗದ ಪ್ರೊಸೆಸ್‌ಗೆ ಮೊದಲು 15ನೆಯ ಸಂಕೇತ, ಅಂದರೆ ಮುಗಿಸಿಕೊಂಡು ಹೋಗು ಎಂಬ ಸೂಚನೆ. ಅದನ್ನೂ ಕೇಳದಿದ್ದರೆ ಮಾತ್ರ 9ನೆಯದು. ಒಂಬತ್ತನೆಯ ಸಂಕೇತ ಬಂದಾಗ ಪ್ರೊಸೆಸ್‌ಗೆ ಕಣ್ಣು ಮಿಟುಕಿಸಲೂ ಅವಕಾಶವಿಲ್ಲ. ಬರೆಯುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತದೆ.

ಟಿಕೆಟ್ ಮಾರಾಟದ ಸಂಜೆ ಹೀಗೆ ಮಾಡಬೇಕಾಗಿ ಬಂದರೆ, ಮರುದಿನ ಬೆಳಿಗ್ಗೆ ಖಜಾಂಚಿಗಳಿಗೆ ಒಂದು ಕೆಲಸ ಕಾದಿರುತ್ತದೆ. ಹಣ ಪಾವತಿಯ ಸೇವೆಯವರು ಕಳುಹಿಸುವ ಪಟ್ಟಿಯನ್ನೂ ಜಾಲತಾಣದ ಟಿಕೆಟ್ ಪಟ್ಟಿಯನ್ನೂ ಎದುರುಬದುರು ಇಟ್ಟು ಸಾಲುಸಾಲಾಗಿ ತಾಳೆ ನೋಡಬೇಕು. ಸದಸ್ಯರ ಖಾತೆಯಿಂದ ಹಣ ಕಡಿತವಾಗಿದ್ದರೂ ಪಾವತಿ ಪಡೆಯುವ ಕಡೆಗೆ ದೃಢೀಕರಣ ಬಾರದ ಪ್ರಸಂಗಗಳು ಒಂದು ಬಗೆ. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಅಂತಹ ಹಣ, ಯುಪಿಐ ಮೂಲಕ ವ್ಯಾಪಾರಿಗೆ ಸಲ್ಲಿಸಿದ್ದಾದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಹಣವು ಸಂಘದ ಖಾತೆಗೆ ಕ್ರಮವಾಗಿ ಜಮೆಯಾಗಿ, ಟಿಕೆಟ್ ಬರೆಯುವಷ್ಟರಲ್ಲಿ ಪ್ರೊಸೆಸ್ ಸತ್ತ ಪ್ರಸಂಗಗಳು ಇನ್ನೊಂದು ಬಗೆ. ಬ್ಯಾಂಕಿನ ದೃಷ್ಟಿಯಲ್ಲಿ ಅಲ್ಲಿ ಯಾವ ವೈಫಲ್ಯವೂ ಇಲ್ಲ, ಹಣ ತಾನಾಗಿ ಎಲ್ಲಿಗೂ ಹಿಂದಿರುಗುವುದಿಲ್ಲ. ಆ ಸದಸ್ಯರಿಗೆ ಟಿಕೆಟ್ಟನ್ನೋ ಹಣವನ್ನೋ ಸಂಘವೇ ಕೊಡಬೇಕು; ಅವರು ದೂರವಾಣಿ ಮಾಡಿ ಕೇಳುವುದಕ್ಕೆ ಮುಂಚೆಯೇ ಕೊಟ್ಟರೆ ಇನ್ನೂ ಚೆನ್ನು.